ಸ್ಪೈಕ್ ಗಾರ್ಡ್ ಇದ್ದರೂ ಟಿ.ವಿ. ಸುಟ್ಟಿದ್ದೇಕೆ?

ಕಳೆದ ವರ್ಷ ಭರಣಿ ಮಳೆ ಹಿಡಿದ ಒಂದು ಸಂಜೆ ನಮ್ಮ ಊರಿನ ಹಳೆಯ ಅಗ್ರಹಾರದ ಬೀದಿಯಲ್ಲಿ ನಡೆದ ಸಂಗತಿ ಇದು. ಐದು ಗಂಟೆಗೆ ಗಾಳಿ ಎದ್ದಿತು, ಗುಡುಗಿತು, ಕರೆಂಟು ಹೋಯಿತು. ಏಳರ ಹೊತ್ತಿಗೆ ಮಳೆ ನಿಂತು ಕರೆಂಟು ಬಂತು. ಬಂದ ಕೂಡಲೇ ಒಂದು ಮನೆಯಲ್ಲಿ ದೀಪ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯಿತು, ಫ್ಯಾನು ಗಿರ್ರೆಂದು ಸದ್ದು ಮಾಡಿತು. ಒಂದು ನಿಮಿಷ ಕಳೆಯುವುದರೊಳಗೆ ಟಿ.ವಿ.ಯಿಂದ ‘ಟಪ್’ ಎಂಬ ಶಬ್ದ, ಸುಟ್ಟ ವಾಸನೆ. ಟಿ.ವಿ.ಯ ಜೊತೆಗೆ ಸೆಟ್ ಟಾಪ್ ಬಾಕ್ಸ್, ವೈಫೈ ಪೆಟ್ಟಿಗೆ, ಮಗನ ಓದಿಗೆಂದು ಚೀಟಿ ಹಣ ಎತ್ತಿ ತಂದಿದ್ದ ಕಂಪ್ಯೂಟರ್ ಎಲ್ಲವೂ ಹೋದವು. ಇವೆಲ್ಲವನ್ನೂ ಕಾಪಾಡಲೆಂದು ಅಂಗಡಿಯವರ ಮಾತು ಕೇಳಿ ಕೊಂಡಿದ್ದ ಸ್ಪೈಕ್ ಗಾರ್ಡ್ ಪಟ್ಟಿಯ ಪ್ಲಾಸ್ಟಿಕ್ಕು ಕರಗಿ ಕಪ್ಪಾಗಿತ್ತು.

ಮಾರನೆಯ ದಿನ ಆ ಮನೆಯ ಹುಡುಗ ನನ್ನ ಬಳಿ ಬಂದ. ನನ್ನ ವಿದ್ಯಾರ್ಥಿಯೇ, ಆಗಷ್ಟೇ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಮುಗಿಸಿದ್ದ. ಅವನ ಪ್ರಶ್ನೆ ಚೆನ್ನಾಗಿತ್ತು. “ಸಾರ್, ಎಲ್ಲರೂ ಸಿಡಿಲು ಹೊಡೆಯಿತು ಅಂತಾರೆ. ಆದರೆ ಕರೆಂಟು ಬರೋ ಹೊತ್ತಿಗೆ ಗುಡುಗು ನಿಂತು ಅರ್ಧ ಗಂಟೆ ಆಗಿತ್ತು. ಅದೇ ಹೊತ್ತಿನಲ್ಲಿ ಎದುರು ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಬಿಸಿಯೇ ಆಗಲಿಲ್ಲವಂತೆ, ಬಚ್ಚಲಿನ ಹಳೇ ಬಲ್ಬು ಕೆಂಡದ ಹಾಗೆ ಮಂಕಾಗಿತ್ತಂತೆ. ಸಿಡಿಲು ಒಂದು ಮನೆಗೆ ಹೆಚ್ಚು ಕರೆಂಟು, ಇನ್ನೊಂದಕ್ಕೆ ಕಡಿಮೆ ಕರೆಂಟು ಕೊಡುತ್ತದೆಯೇ?”

ಕೊಡುವುದಿಲ್ಲ. ಅವನ ಸಂಶಯ ಸರಿಯಾಗಿತ್ತು. ಅಂದಿನ ಅನಾಹುತಕ್ಕೆ ಕಾರಣ ಸಿಡಿಲಲ್ಲ, ಬೀದಿಯ ಕಂಬದ ಮೇಲೆ ಗಾಳಿಗೆ ಕಳಚಿಕೊಂಡಿದ್ದ ಒಂದು ತಂತಿ. ಅದೂ, ಎಲೆಕ್ಟ್ರಿಷಿಯನ್ನರು ನ್ಯೂಟ್ರಲ್ ಎಂದು ಕರೆಯುವ, ಪಾಠದ ಪುಸ್ತಕದಲ್ಲಿ ನಾವು ತಟಸ್ಥ ತಂತಿ ಎಂದು ಬರೆಸುವ, ‘ಅದರಲ್ಲೇನೂ ಇರುವುದಿಲ್ಲ’ ಎಂದು ಎಲ್ಲರೂ ಕಡೆಗಣಿಸುವ ತಂತಿ. ಲೈನ್‌ಮನ್ ಕಂಬ ಹತ್ತಿ ಅದನ್ನು ಮರುಜೋಡಿಸಿದ ಮೇಲೆ ಎರಡೂ ಮನೆಗಳು ಸರಿಹೋದವು, ಸುಟ್ಟದ್ದು ಮಾತ್ರ ಸುಟ್ಟೇ ಹೋಗಿತ್ತು.

ಇದರ ಲೆಕ್ಕ ಹತ್ತನೆಯ ತರಗತಿಯ ಓಮ್ ನಿಯಮಕ್ಕಿಂತ ಹೆಚ್ಚಿನದೇನನ್ನೂ ಕೇಳುವುದಿಲ್ಲ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಂಡು ಜೊತೆಗೇ ಮಾಡಿದರೆ ಒಳ್ಳೆಯದು.

ಬೀದಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮೂರು ಸಜೀವ ತಂತಿಗಳಲ್ಲಿ ಕಳಿಸುತ್ತದೆ. ಇವೇ ಮೂರು ಫೇಸುಗಳು. ಯಾವುದೇ ಒಂದು ಫೇಸಿಗೂ ತಟಸ್ಥ ತಂತಿಗೂ ನಡುವೆ 230 ವೋಲ್ಟ್ ಇರುತ್ತದೆ. ಆದರೆ ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ ಇರುವುದು 400 ವೋಲ್ಟ್. ಒಂದು ಮನೆಗೆ ಒಂದು ಫೇಸು, ಎದುರು ಮನೆಗೆ ಇನ್ನೊಂದು ಫೇಸು, ತಟಸ್ಥ ತಂತಿ ಇಬ್ಬರಿಗೂ ಒಂದೇ. ಅದು ಗಟ್ಟಿಯಾಗಿರುವವರೆಗೆ ಎರಡೂ ಮನೆಗಳಿಗೆ ಅವರವರ 230 ವೋಲ್ಟ್ ತಪ್ಪದೆ ಸಿಗುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಕಡೆಗೆ ಕಳಚಿಹೋಯಿತು ಎನ್ನಿ. ಆಗ ಒಂದು ಮನೆಯ ಉಪಕರಣದ ಮೂಲಕ ಹರಿದ ವಿದ್ಯುತ್ತಿಗೆ ಹಿಂತಿರುಗಲು ದಾರಿ ಇರುವುದಿಲ್ಲ. ಅದು ಎದುರು ಮನೆಯ ಉಪಕರಣದ ಮೂಲಕ ಇನ್ನೊಂದು ಫೇಸಿಗೆ ಹೋಗುತ್ತದೆ. ಅಂದರೆ ಎರಡು ಮನೆಗಳೂ 400 ವೋಲ್ಟಿನ ನಡುವೆ ಸರಣಿಯಲ್ಲಿ ಜೋಡಿಸಲ್ಪಟ್ಟ ಎರಡು ರೋಧಗಳಾಗಿ ಬಿಡುತ್ತವೆ.

ಎದುರು ಮನೆಯಲ್ಲಿ 1000 ವಾಟಿನ ಇಸ್ತ್ರಿ ಪೆಟ್ಟಿಗೆ. 230 ವೋಲ್ಟಿಗೆ ಅದರ ರೋಧ ಸುಮಾರು 53 ಓಮ್. ಈ ಮನೆಯಲ್ಲಿ 100 ವಾಟಿನ ಟಿ.ವಿ. ಅದರ ರೋಧ ಸುಮಾರು 529 ಓಮ್. (ಟಿ.ವಿ. ಶುದ್ಧ ರೋಧವಲ್ಲ ಎಂದು ಪಿ.ಯು. ಓದುವ ಅಣ್ಣಂದಿರು ಆಕ್ಷೇಪಿಸಬಹುದು. ಒಪ್ಪಿದೆ; ಅಂದಾಜಿಗೆ ಇಷ್ಟು ಸಾಕು.) ಸರಣಿಯಲ್ಲಿ ವೋಲ್ಟೇಜು ರೋಧಕ್ಕೆ ಅನುಗುಣವಾಗಿ ಹಂಚಿಕೆಯಾಗುತ್ತದೆ. ಒಟ್ಟು 582 ಓಮಿನಲ್ಲಿ ಟಿ.ವಿ.ಯ ಪಾಲು 529. ಹಾಗಾಗಿ 400 ವೋಲ್ಟಿನಲ್ಲಿ ಟಿ.ವಿ.ಗೆ ಸುಮಾರು 364, ಇಸ್ತ್ರಿ ಪೆಟ್ಟಿಗೆಗೆ ಬರೀ 36! 36 ವೋಲ್ಟಿಗೆ ಆ ಪೆಟ್ಟಿಗೆ ಕೇವಲ 25 ವಾಟಿನದಾಗುತ್ತದೆ. ಅದು ಹೇಗೆ ಬಿಸಿಯಾದೀತು?

ಇದರಲ್ಲಿ ಒಂದು ಅನ್ಯಾಯವಿದೆ, ಗಮನಿಸಿ. ಹೆಚ್ಚು ವಿದ್ಯುತ್ತು ಬಳಸುತ್ತಿದ್ದ ಮನೆಗೆ ಏನೂ ಆಗಲಿಲ್ಲ. ಮಿತವಾಗಿ ಒಂದು ಟಿ.ವಿ. ಒಂದು ದೀಪ ಹಾಕಿಕೊಂಡು ಕುಳಿತ ಮನೆಗೆ ಹೊಡೆತ ಬಿತ್ತು. ನಿಜವಾದ ಬೀದಿಯಲ್ಲಿ ಎರಡಲ್ಲ, ಹತ್ತಾರು ಮನೆಗಳಿದ್ದು ಮೂರು ಫೇಸುಗಳೂ ಸೇರಿಕೊಳ್ಳುವುದರಿಂದ ಅಂಕಿಗಳು ಬದಲಾಗುತ್ತವೆ. ನಿಯಮ ಬದಲಾಗುವುದಿಲ್ಲ: ಯಾವ ಫೇಸಿನಲ್ಲಿ ಬಳಕೆ ಕಡಿಮೆಯೋ ಅಲ್ಲಿಗೆ ವೋಲ್ಟೇಜು ಏರುತ್ತದೆ.

364 ವೋಲ್ಟ್ ಬಂದಾಗ ಟಿ.ವಿ.ಯೊಳಗೆ ಆಗುವುದೇನು? 230 ಎನ್ನುವುದು ಪರ್ಯಾಯ ವಿದ್ಯುತ್ತಿನ ಒಂದು ಬಗೆಯ ಸರಾಸರಿ ಬೆಲೆ. ಅಲೆಯ ಶಿಖರ ಅದರ 1.414 ಪಟ್ಟು, ಅಂದರೆ 325 ವೋಲ್ಟ್. ಇಂದಿನ ಟಿ.ವಿ., ಕಂಪ್ಯೂಟರ್, ಮೊಬೈಲ್ ಚಾರ್ಜರ್ ಎಲ್ಲವೂ ಮೊದಲು ಈ ಅಲೆಯನ್ನು ನೇರ ವಿದ್ಯುತ್ತಾಗಿ ಮಾಡಿ ಒಂದು ಧಾರಕದಲ್ಲಿ ತುಂಬಿಕೊಳ್ಳುತ್ತವೆ. ಆ ಧಾರಕದ ಮೈಮೇಲೆ ಸಾಮಾನ್ಯವಾಗಿ 400 ವೋಲ್ಟ್ ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. 325ಕ್ಕೆ ಅದು ಧಾರಾಳ ಸಾಕು. ಆದರೆ 364 ವೋಲ್ಟಿನ ಶಿಖರ 515. ಧಾರಕ ಬಿಸಿಯಾಗಿ ಉಬ್ಬಿ ತಲೆ ಒಡೆದುಕೊಳ್ಳುತ್ತದೆ. ಅಂದು ಕೇಳಿದ ‘ಟಪ್’ ಅದೇ.

ಹಾಗಾದರೆ ಸ್ಪೈಕ್ ಗಾರ್ಡ್ ಏನು ಮಾಡುತ್ತಿತ್ತು? ಅದರೊಳಗೆ ನಿಜವಾದ ಕೆಲಸಗಾರ ಎಂದರೆ ಬಟನ್ನಿನಂಥ ಒಂದು ಬಿಲ್ಲೆ, ವೇರಿಸ್ಟರ್. ಸತುವಿನ ಆಕ್ಸೈಡಿನ ಪುಡಿಯನ್ನು ಒತ್ತಿ ಸುಟ್ಟು ಮಾಡಿದ್ದು. ಜಪಾನಿನ ಮಿಚಿಯೊ ಮತ್ಸುವೊಕಾ ಇದರ ಗುಣವನ್ನು 1971ರಲ್ಲಿ ವಿವರಿಸಿ ಪ್ರಕಟಿಸಿದರು. ಓಮ್ ನಿಯಮಕ್ಕೆ ಬಗ್ಗದ ವಸ್ತು ಇದು. ಕಡಿಮೆ ವೋಲ್ಟೇಜಿಗೆ ಗೋಡೆಯಂತೆ ನಿಲ್ಲುತ್ತದೆ, ಒಂದು ಮಿತಿ ದಾಟಿತೋ ಬಾಗಿಲು ತೆರೆದು ವಿದ್ಯುತ್ತನ್ನು ತನ್ನ ಮೂಲಕ ಹರಿಸಿಬಿಡುತ್ತದೆ. ನಮ್ಮ ದೇಶದ ಪಟ್ಟಿಗಳಲ್ಲಿ ಬಳಸುವ ಬಿಲ್ಲೆ ಸಾಮಾನ್ಯವಾಗಿ 275 ವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಎಂದು ಗುರುತಿಸಿದ್ದು. ಅಲೆಯ ಶಿಖರ 430 ವೋಲ್ಟಿನ ಆಸುಪಾಸಿಗೆ ಬಂದಾಗ ಅದು ತೆರೆದುಕೊಳ್ಳತೊಡಗುತ್ತದೆ. ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಷ್ಟು ಕಾಲ ಇರುವ ಚೂಪಾದ ಏರಿಕೆಯನ್ನು ನುಂಗಲೆಂದೇ ಇದು ಹುಟ್ಟಿದ್ದು. ಅಂದಿನದು ಹಾಗಿರಲಿಲ್ಲ. 515 ವೋಲ್ಟಿನ ಶಿಖರ ಸೆಕೆಂಡಿಗೆ ನೂರು ಸಲ, ನಿಮಿಷಗಟ್ಟಲೆ ಬರುತ್ತಿತ್ತು. ಕಾಲುವೆಗೆ ಕಟ್ಟಿದ ತೂಬು ಹೊಳೆಯ ಪ್ರವಾಹವನ್ನು ತಡೆಯಲು ನಿಂತ ಹಾಗಾಯಿತು. ಬಿಲ್ಲೆ ಕಾದು ಬೂದಿಯಾಯಿತು, ಜೊತೆಗೆ ಪಟ್ಟಿಯನ್ನೂ ಕರಗಿಸಿತು. ಹತ್ತಿರ ಪರದೆ ಇದ್ದಿದ್ದರೆ ಮನೆಗೇ ಬೆಂಕಿ ಹತ್ತುತ್ತಿತ್ತು.

ಫ್ಯೂಸು ಏಕೆ ಹೋಗಲಿಲ್ಲ ಎಂದು ಹುಡುಗನ ತಾತ ಕೇಳಿದರು. ಫ್ಯೂಸು ನೋಡುವುದು ಆಂಪಿಯರನ್ನು, ವೋಲ್ಟನ್ನಲ್ಲ. ನಮ್ಮ ಲೆಕ್ಕದ ಟಿ.ವಿ.ಯ ಮೂಲಕ ಒಂದು ಆಂಪಿಯರೂ ಹರಿಯುತ್ತಿರಲಿಲ್ಲ. ಈಗಿನ ಎಂ.ಸಿ.ಬಿ.ಗೂ ಇದೇ ಮಾತು. ‘ನಮ್ಮ ಮನೆಗೆ ಎಂ.ಸಿ.ಬಿ. ಹಾಕಿಸಿದ್ದೇವೆ, ಭಯವಿಲ್ಲ’ ಎನ್ನುವವರು ಬಹಳ ಮಂದಿ. ತಂತಿ ಕಾಯದಂತೆ ಅದು ನೋಡಿಕೊಳ್ಳುತ್ತದೆ, ಟಿ.ವಿ.ಯನ್ನು ನೋಡಿಕೊಳ್ಳುವ ಕೆಲಸ ಅದಕ್ಕೆ ಯಾರೂ ವಹಿಸಿಲ್ಲ.

ಈ ಬಗೆಯ ಅಪಾಯಕ್ಕೆ ಬೇರೆಯೇ ಉಪಕರಣ ಬೇಕು. ವೋಲ್ಟೇಜು ಒಂದು ಮಿತಿಯ ಮೇಲೆ ಹೋದರೆ ಅಥವಾ ಕೆಳಗಿಳಿದರೆ ಇಡೀ ಮನೆಯ ಸಂಪರ್ಕವನ್ನೇ ಕಡಿದು, ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ತಾನಾಗಿಯೇ ಜೋಡಿಸುವ ಸಾಧನ ಈಗ ಎಂ.ಸಿ.ಬಿ.ಯಷ್ಟೇ ಗಾತ್ರದಲ್ಲಿ ಸಿಗುತ್ತದೆ. ಮೀಟರಿನ ನಂತರದ ಬೋರ್ಡಿನಲ್ಲಿ ಕೂರಿಸುತ್ತಾರೆ. ಹೈ ವೋಲ್ಟೇಜ್ ಕಟ್ ಆಫ್ ಇರುವ ಒಳ್ಳೆಯ ಸ್ಟೆಬಿಲೈಸರ್ ಕೂಡ ಆ ಒಂದು ಉಪಕರಣದ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಇವೆರಡೂ ಇಲ್ಲದಿದ್ದರೆ ಕಣ್ಣೇ ಉಪಕರಣ. ದೀಪ ಎಂದಿಲ್ಲದ ಹಾಗೆ ಬೆಳ್ಳಗಾಯಿತು, ಫ್ಯಾನಿನ ಸದ್ದು ಬದಲಾಯಿತು ಎಂದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಓಡಿಹೋಗಿ ಮೇನ್ ಸ್ವಿಚ್ ಇಳಿಸಿ. ಆಮೇಲೆ ಅಕ್ಕಪಕ್ಕದವರಿಗೂ ಕೂಗಿ ಹೇಳಿ. ಕರೆಂಟು ಹೋದಾಗ ಟಿ.ವಿ., ಕಂಪ್ಯೂಟರುಗಳ ಪ್ಲಗ್ ಕಿತ್ತಿಟ್ಟು, ಬಂದ ಮೇಲೆ ಐದು ನಿಮಿಷ ದೀಪವನ್ನೊಂದೇ ಹಾಕಿ ನೋಡುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ.

ಇಲ್ಲಿಗೆ ಹುಡುಗನ ಪ್ರಶ್ನೆಗೆ ಉತ್ತರವಾಯಿತು. ಆದರೆ ಅಂದು ಅವರ ಮನೆಗೆ ಹೋದಾಗ ಅವನ ತಾಯಿ ಹೇಳಿದ ಒಂದು ಮಾತು ನನಗೆ ಟಿ.ವಿ.ಗಿಂತ ಹೆಚ್ಚು ಚಿಂತೆ ಹಚ್ಚಿತು. “ಮೇಷ್ಟ್ರೇ, ಆ ಕಂಪ್ಯೂಟರ್ ಪೆಟ್ಟಿಗೆ ತಂದ ದಿನದಿಂದಲೂ ಸರಿ ಇರಲಿಲ್ಲ. ಬರಿಗಾಲಲ್ಲಿ ನಿಂತು ಒರೆಸೋಕೆ ಹೋದರೆ ಜುಮ್ ಅನ್ನೋದು.”

ಪೆಟ್ಟಿಗೆ ಸರಿಯಾಗಿಯೇ ಇತ್ತು. ಸರಿ ಇಲ್ಲದ್ದು ಮನೆ. ಕಂಪ್ಯೂಟರಿನ ಒಳಗೆ ವಿದ್ಯುತ್ತು ಬರುವ ಬಾಗಿಲಲ್ಲೇ ಎರಡು ಸಣ್ಣ ಧಾರಕಗಳಿರುತ್ತವೆ. ಒಂದು ಸಜೀವ ತಂತಿಯಿಂದ ಲೋಹದ ಮೈಗೆ, ಇನ್ನೊಂದು ತಟಸ್ಥ ತಂತಿಯಿಂದ ಲೋಹದ ಮೈಗೆ. ಗದ್ದಲದ ಅಲೆಗಳನ್ನು ಭೂಮಿಗೆ ಕಳಿಸುವುದು ಅವುಗಳ ಕೆಲಸ. ಮೂರನೆಯ ಪಿನ್ನಿನ ಮೂಲಕ ಭೂಸಂಪರ್ಕ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇಲ್ಲದಿದ್ದರೆ ಆ ಎರಡು ಸಮಾನ ಧಾರಕಗಳ ನಡುವೆ ಸಿಕ್ಕಿದ ಲೋಹದ ಮೈ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಹರಿಯಬಲ್ಲ ವಿದ್ಯುತ್ತು ಅತ್ಯಲ್ಪವಾದ್ದರಿಂದ ಅದು ಜುಮ್ ಎನಿಸಿ ಬಿಡುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಹೊತ್ತಿಕೊಳ್ಳುತ್ತದೆ. ಈ ಜುಮ್ ತಾನಾಗಿ ಕೊಲ್ಲುವುದಿಲ್ಲ. ‘ಈ ಮನೆಗೆ ಅರ್ತಿಂಗ್ ಇಲ್ಲ’ ಎಂದು ಕೂಗಿ ಹೇಳುತ್ತದೆ. ಅದೇ ಗೂಡಿನಲ್ಲಿ ನಾಳೆ ವಾಷಿಂಗ್ ಮಷೀನಿನದೋ ನೀರು ಕಾಯಿಸುವ ಗೀಸರಿನದೋ ಪ್ಲಗ್ ಚುಚ್ಚಿ, ಅದರ ಒಳಗಿನ ತಂತಿ ಸವೆದು ಮೈಗೆ ತಗುಲಿದರೆ ಆಗ ಜುಮ್ ಎನ್ನುವುದಿಲ್ಲ.

ಅವರ ಮನೆ ತೊಟ್ಟಿಮನೆ. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ವಿದ್ಯುತ್ ದೀಪ ಬಂದರೂ ನಮ್ಮಂಥ ಊರುಗಳ ಮನೆಗಳಿಗೆ ಅದು ಹತ್ತಿದ್ದು ಎಷ್ಟೋ ದಶಕಗಳ ಮೇಲೆ. ಆಗ ಲೆಕ್ಕ ಹಾಕಿದ್ದು ನಾಲ್ಕು ಬಲ್ಬು, ಒಂದು ರೇಡಿಯೋ, ಅನುಕೂಲಸ್ಥರಾದರೆ ಒಂದು ಫ್ಯಾನು. ಮರದ ಪಟ್ಟಿಯ ಮೇಲೆ ಓಡುವ ವೈರು, ಪಿಂಗಾಣಿ ಫ್ಯೂಸು, ದುಂಡನೆಯ ಕಪ್ಪು ಸ್ವಿಚ್ಚು, ಎರಡು ತೂತಿನ ಗೂಡು. ಮೂರನೆಯ ತಂತಿಯೇ ಇಲ್ಲದ ಕಡೆ ಕಂಪ್ಯೂಟರಿನ ಮೂರು ಪಿನ್ನನ್ನು ಒಂದು ಅಡಾಪ್ಟರಿನ ನೆರವಿನಿಂದ ಎರಡು ಮಾಡಿ ಚುಚ್ಚಿದ್ದರು. ಅದರ ಮೇಲೆ ಸ್ಪೈಕ್ ಗಾರ್ಡ್. ಒಳ್ಳೆಯ ಸ್ಪೈಕ್ ಗಾರ್ಡಿನಲ್ಲಿ ಮೂರು ಬಿಲ್ಲೆಗಳಿದ್ದು ಎರಡು ಭೂಸಂಪರ್ಕದ ಪಿನ್ನಿಗೆ ಸೇರಿರುತ್ತವೆ. ಆ ಪಿನ್ನು ಗಾಳಿಯಲ್ಲಿ ನೇತಾಡುತ್ತಿದ್ದರೆ ಎರಡೂ ಬಿಲ್ಲೆಗಳು ಯಾರಿಗೆ ಏನನ್ನು ಸುರಿಯಬೇಕು? ಪಟ್ಟಿಯ ಮೇಲಿನ ದೀಪ ಮಾತ್ರ ಚೆಂದವಾಗಿ ಉರಿಯುತ್ತಿರುತ್ತದೆ. ಎಷ್ಟೋ ಪಟ್ಟಿಗಳಲ್ಲಿ ಆ ದೀಪಕ್ಕೆ ಕರೆಂಟು ಇದೆ ಎಂಬುದಕ್ಕಿಂತ ಹೆಚ್ಚಿನ ಅರ್ಥವೇ ಇಲ್ಲ. ಬಿಲ್ಲೆಯೇ ಇಲ್ಲದ ಬರಿ ಎಕ್ಸ್‌ಟೆನ್ಷನ್ ಬೋರ್ಡುಗಳೂ ಸ್ಪೈಕ್ ಗಾರ್ಡ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ.

ಹಳೆಯ ಮನೆಗಳಲ್ಲಿ ಭೂಸಂಪರ್ಕ ಇದೆ ಎಂದು ನಂಬಿಕೊಂಡಿರುವವರೂ ಇದ್ದಾರೆ. ಅವರಲ್ಲಿ ಎರಡು ಬಗೆ. ಒಂದು, ನಲ್ಲಿ ಪೈಪಿಗೆ ಅರ್ತ್ ತಂತಿ ಸುತ್ತಿದವರು. ಹಿಂದೆ ಪೈಪು ಕಬ್ಬಿಣದ್ದಾಗಿದ್ದು ಮಣ್ಣಿನೊಳಗೆ ದೂರ ಹೋಗುತ್ತಿದ್ದಾಗ ಅದು ಹೇಗೋ ನಡೆಯುತ್ತಿತ್ತು. ಆಮೇಲೆ ಬೀದಿಯಲ್ಲೋ ಅಂಗಳದಲ್ಲೋ ಪೈಪು ಬದಲಾಯಿಸಿ ಪ್ಲಾಸ್ಟಿಕ್ ಹಾಕಿದರು. ಅಂದೇ ಮನೆಯ ಭೂಸಂಪರ್ಕ ಹೋಯಿತು, ಯಾರಿಗೂ ತಿಳಿಯಲಿಲ್ಲ. ಈಗ ಒಂದು ಉಪಕರಣ ಕೆಟ್ಟರೆ ಬಚ್ಚಲಿನ ನಲ್ಲಿಯೇ ಹೊಡೆಯುತ್ತದೆ. ಎರಡನೆಯದು ಇನ್ನೂ ಅಪಾಯ. ಗೂಡಿನೊಳಗೆ ಅರ್ತ್ ಪಿನ್ನನ್ನೂ ತಟಸ್ಥ ತಂತಿಯನ್ನೂ ಒಂದು ತುಂಡು ವೈರಿನಿಂದ ಸೇರಿಸಿ ‘ಅರ್ತಿಂಗ್ ಮಾಡಿದ್ದೇನೆ’ ಎಂದು ಹೇಳಿ ಹೋಗುವುದು. ಮೇಲ್ನೋಟಕ್ಕೆ ಎಲ್ಲ ಸರಿ, ಜುಮ್ ಕೂಡ ನಿಲ್ಲುತ್ತದೆ. ಎಂದಾದರೂ ಆ ಮನೆಯ ತಟಸ್ಥ ತಂತಿ ಹಿಂದೆಲ್ಲೋ ಕಳಚಿತೆಂದರೆ, ಉರಿಯುವ ಸ್ಥಿತಿಯಲ್ಲಿರುವ ಒಂದು ದೀಪದ ಮೂಲಕ ಹಾದು ಬಂದ 230 ವೋಲ್ಟ್ ಮನೆಯ ಪ್ರತಿ ಲೋಹದ ಉಪಕರಣದ ಮೈಮೇಲೂ ಕುಳಿತಿರುತ್ತದೆ. ದೀಪ ಉರಿಯುತ್ತಿರುವುದಿಲ್ಲವಾದ್ದರಿಂದ ಕರೆಂಟು ಹೋಗಿದೆ ಎಂದುಕೊಂಡು ಮುಟ್ಟುತ್ತೇವೆ. ಅಂದು ಗಾಳಿಗೆ ಕಳಚಿದ ತಂತಿಯನ್ನು ಇದರೊಡನೆ ಸೇರಿಸಿ ಯೋಚಿಸಿ. ಟಿ.ವಿ. ಹೋದದ್ದಕ್ಕೆ ಸಮಾಧಾನಪಡಬೇಕಾದ ಮನೆಗಳು ಇವೆ.

ಬಲ್ಬು ಹಿಡಿದು ಪರೀಕ್ಷಿಸುವವರು ಇಲ್ಲಿ ಮೋಸ ಹೋಗುತ್ತಾರೆ. ಸಜೀವ ತಂತಿಗೂ ಅರ್ತ್ ಪಿನ್ನಿಗೂ ನಡುವೆ 100 ವಾಟಿನ ಬಲ್ಬು ಪೂರ್ತಿ ಉರಿದರೆ ಭೂಸಂಪರ್ಕ ಚೆನ್ನಾಗಿದೆ ಎನ್ನುವುದು ಎಲೆಕ್ಟ್ರಿಷಿಯನ್ನರ ಹಳೆಯ ಲೆಕ್ಕ. ತಟಸ್ಥಕ್ಕೆ ಕಳ್ಳಗಂಟು ಹಾಕಿದ್ದರೂ ಅದು ಹಾಗೆಯೇ ಉರಿಯುತ್ತದಲ್ಲ! ಹಾಗಾಗಿ ಗೂಡನ್ನು ಬಿಚ್ಚಿ ನೋಡಲೇಬೇಕು, ಗುಂಡಿಯ ರೋಧವನ್ನು ಅದಕ್ಕೆಂದೇ ಇರುವ ಮೀಟರಿನಿಂದ ಅಳೆಯಲೇಬೇಕು. ಇದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರ ಕೆಲಸ. ವಿದ್ಯಾರ್ಥಿಗಳು ಸ್ಕ್ರೂ ಡ್ರೈವರ್ ಹಿಡಿದು ಹೊರಡಕೂಡದು.

ಇನ್ನು ಸಿಡಿಲಿನ ಮಾತು. ಅಂದು ಅದು ನಿರಪರಾಧಿಯಾದರೂ ಏಪ್ರಿಲ್–ಮೇ ತಿಂಗಳ ನಮ್ಮ ಆಕಾಶದಲ್ಲಿ ಅದನ್ನು ನಂಬುವಂತಿಲ್ಲ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ಒಂದು ಸಾಧಾರಣ ಸಿಡಿಲಿನಲ್ಲಿ 30,000 ಆಂಪಿಯರ್ ಹರಿಯುತ್ತದೆ, ಅದೂ ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ ಸೊನ್ನೆಯಿಂದ ಅಷ್ಟಕ್ಕೆ ಏರಿ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನೆನಪಿಸಿಕೊಳ್ಳಿ. ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜು ಪಕ್ಕದ ತಂತಿಯಲ್ಲಿ ಹುಟ್ಟುತ್ತದೆ. ಕೆಲವು ನೂರು ಮೀಟರ್ ಆಚೆ ತೆಂಗಿನ ಮರಕ್ಕೆ ಬಡಿದ ಸಿಡಿಲು ಬೀದಿಯ ತಂತಿಗಳಲ್ಲಿ ಸಾವಿರಾರು ವೋಲ್ಟನ್ನು ಎಬ್ಬಿಸುವುದು ಹೀಗೆ. ತಾತಂದಿರ ಕಾಲದ ವಾಲ್ವ್ ರೇಡಿಯೋ ಇಂಥ ಹೊಡೆತವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತಿತ್ತು. ಅದರಲ್ಲೂ ಗುಡುಗು ಕೇಳಿದ ಕೂಡಲೇ ಏರಿಯಲ್ ತಂತಿಯನ್ನು ರೇಡಿಯೋದಿಂದ ಕಿತ್ತು ಅರ್ತ್ ತಂತಿಗೆ ಸಿಕ್ಕಿಸುವ ಪದ್ಧತಿ ಅವರಿಗಿತ್ತು. ಇಂದಿನ ಚಿಪ್ಪುಗಳು ಮೂರು ವೋಲ್ಟಿಗೂ ಕಡಿಮೆಯಲ್ಲಿ ಕೆಲಸ ಮಾಡುವಂಥವು.

ಬೋರ್ಡಿನಲ್ಲೇ ಕೂರಿಸುವ ಸಿಡಿಲು ತಡೆ, ಅಂಗಡಿಯಲ್ಲಿ ಎಸ್.ಪಿ.ಡಿ. ಎನ್ನುತ್ತಾರೆ, ಇಂಥ ಏರಿಕೆಗೆ ಒಳ್ಳೆಯ ಮದ್ದು. ಮನೆಗಳಿಗೆ ಸಾಮಾನ್ಯವಾಗಿ ‘ಟೈಪ್ 2’ ಬಗೆಯದು. ಒಳಗಿರುವುದು ಅದೇ ಸತುವಿನ ಬಿಲ್ಲೆಯ ದಪ್ಪ ಅಣ್ಣ. ಆದರೆ ಅದಕ್ಕೂ ಭೂಸಂಪರ್ಕ ಬೇಕು, ಅದೂ ಗಿಡ್ಡ ತಂತಿಯಲ್ಲಿ. ಒಂದು ಮೀಟರ್ ನೇರ ತಂತಿಗೆ ಸುಮಾರು ಒಂದು ಮೈಕ್ರೋಹೆನ್ರಿಯಷ್ಟು ಪ್ರೇರಕತ್ವ ಇರುತ್ತದೆ. 3000 ಆಂಪಿಯರ್ ಸೆಕೆಂಡಿನ ಹತ್ತು ಲಕ್ಷದ 8 ಭಾಗದಲ್ಲಿ ಏರಿದರೆ ಆ ಒಂದು ಮೀಟರ್ ತಂತಿಯ ಎರಡು ತುದಿಗಳ ನಡುವೆಯೇ 375 ವೋಲ್ಟ್ ಹುಟ್ಟುತ್ತದೆ. ತಾಮ್ರ ಎಷ್ಟು ದಪ್ಪವಾದರೂ ಇದು ಹೆಚ್ಚು ಕಡಿಮೆಯಾಗುವುದಿಲ್ಲ. ಅದಕ್ಕೇ ಎಸ್.ಪಿ.ಡಿ.ಯನ್ನು ಬೋರ್ಡಿನ ಫೇಸಿಗೂ ಅರ್ತ್ ಪಟ್ಟಿಗೂ ಸೇರಿಸುವ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು ಎನ್ನುವುದು. ಅಂದವಾಗಿ ಕಾಣಲೆಂದು ತಂತಿಯನ್ನು ಸುರುಳಿ ಸುತ್ತಿ ಇಡುವವರನ್ನು ಕಂಡಿದ್ದೇನೆ. ಸುರುಳಿ ಸುತ್ತಿದರೆ ಪ್ರೇರಕತ್ವ ಇನ್ನೂ ಹೆಚ್ಚುತ್ತದೆ.

ವಿದ್ಯುತ್ ತಂತಿಯೊಂದೇ ದಾರಿಯಲ್ಲ. ಮಾಡಿನ ಮೇಲಿನ ಡಿಷ್ ತಟ್ಟೆಯಿಂದ ಬರುವ ಕೇಬಲ್ಲು ಇನ್ನೊಂದು. ಈಗ ಇಂಟರ್‌ನೆಟ್ ಬರುವುದು ಗಾಜಿನ ಎಳೆಯಲ್ಲಿ, ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಅಂಥ ಕೇಬಲ್ಲುಗಳಲ್ಲಿ ಭಾರ ಹೊರಲು ಉಕ್ಕಿನ ತಂತಿಯನ್ನೂ ಸೇರಿಸಿರುವುದುಂಟು. ಅದನ್ನು ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಬೇಕು. ಡಿಷ್ ತಟ್ಟೆಗೆ ಒಂದು ಅರ್ತ್, ಮನೆಗೆ ಇನ್ನೊಂದು ಅರ್ತ್ ಎಂದು ಬೇರೆ ಬೇರೆ ಮಾಡಿಸಿ ಅವೆರಡನ್ನೂ ಸೇರಿಸದೆ ಬಿಟ್ಟರೆ ಸಿಡಿಲಿನ ಕ್ಷಣದಲ್ಲಿ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ, ಟಿ.ವಿ. ಅವೆರಡಕ್ಕೂ ಸೇತುವೆಯಾಗುತ್ತದೆ. ಕರೆಂಟು ತಂತಿಯ ಮೇಲೆ ಕುಳಿತ ಹಕ್ಕಿ ಸಾಯದಿರುವುದು ಅದರ ಎರಡೂ ಕಾಲು ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ. ಟಿ.ವಿ.ಯ ಕಾಲುಗಳನ್ನೂ ಒಂದೇ ತಂತಿಯ ಮೇಲೆ ಇಡಬೇಕು, ಅಂದರೆ ಎಲ್ಲ ಅರ್ತುಗಳನ್ನೂ ಒಂದೇ ಪಟ್ಟಿಗೆ ಸೇರಿಸಬೇಕು.

ಇಷ್ಟೆಲ್ಲ ಆದ ಮೇಲೂ ಗುಡುಗಿನ ದಿನ ಪ್ಲಗ್ಗನ್ನು ಕಿತ್ತಿಡುವುದಕ್ಕೆ ಸಮನಾದ ರಕ್ಷಣೆ ಇಲ್ಲ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವು ಮಿಲಿಮೀಟರ್ ಮಾತ್ರ. ಒಣ ಗಾಳಿ ಮಿಲಿಮೀಟರಿಗೆ ಸುಮಾರು 3000 ವೋಲ್ಟನ್ನಷ್ಟೇ ತಡೆಯುತ್ತದೆ. ಜೊತೆಗೆ ಹಳೆಯ ಮನೆಗಳಲ್ಲಿ ಎಷ್ಟೋ ಸ್ವಿಚ್ಚುಗಳು ತಟಸ್ಥ ತಂತಿಯ ಮೇಲೆ ಇರುತ್ತವೆ, ಆರಿಸಿದರೂ ಉಪಕರಣಕ್ಕೆ ಫೇಸು ತಾಗಿಯೇ ಇರುತ್ತದೆ. ಡಿಷ್ ಕೇಬಲ್ಲನ್ನೂ ಬಿಡಿಸಿ. ಆದರೆ ಸಿಡಿಲು ಹತ್ತಿರ ಬಂದ ಮೇಲೆ ಓಡಿಹೋಗಿ ಕೇಳುವ ಪ್ಲಗ್ಗು ಯಾವುದೂ ಇಲ್ಲ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಹೋಗುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಕೇಳಿದರೆ ಅದು ಹತ್ತು ಕಿಲೋಮೀಟರಿನ ಒಳಗಿದೆ, ಆಗ ವೈರು ಮುಟ್ಟುವ ಕೆಲಸ ಬೇಡ. ಮೋಡ ಕಟ್ಟುವಾಗಲೇ ಕಿತ್ತಿಡಬೇಕು. ತಡವಾಯಿತೋ, ಟಿ.ವಿ. ಹೋದರೆ ಹೋಗಲಿ.

ಹಳೆಯ ಮನೆಯವರ ಕೈಯಲ್ಲಿ ಸ್ವಲ್ಪವೇ ಹಣ ಇದ್ದರೆ ಮೊದಲು ಯಾವುದಕ್ಕೆ ಹಾಕಬೇಕು? ಪಟ್ಟಿಗಲ್ಲ. ಭೂಸಂಪರ್ಕಕ್ಕೆ. ಅದರ ಜೊತೆಗೇ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚಿಗೆ. ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಅದು ಬೀಳುತ್ತದೆ. ಭೂಮಿಯ ರೋಧ 50 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ನಾಲ್ಕೂವರೆ ಆಂಪಿಯರ್. 5 ಆಂಪಿಯರಿನ ಫ್ಯೂಸು ಹೋಗುವುದಿಲ್ಲ, ಉಪಕರಣದ ಮೈ ಹಾಗೇ ಹೊಡೆಯುತ್ತ ಇರುತ್ತದೆ. ಆರ್.ಸಿ.ಸಿ.ಬಿ. ಆ ಕ್ಷಣವೇ ಬೀಳುತ್ತದೆ. ಇದು ಟಿ.ವಿ.ಗಲ್ಲ, ಮನುಷ್ಯರಿಗೆ. ಹಳೆಯ ವೈರಿಂಗಿನಲ್ಲಿ ತೇವದ ಸೋರಿಕೆಯಿಂದ ಪದೇ ಪದೇ ಬಿದ್ದು ಕಾಟ ಕೊಡುತ್ತದೆಂದು ಅದನ್ನೇ ಕಿತ್ತು ಹಾಕಿಸುವವರಿದ್ದಾರೆ. ನಾಯಿ ಬೊಗಳುತ್ತದೆಂದು ನಾಯಿಯನ್ನು ಓಡಿಸಿದ ಹಾಗೆ. ಆಮೇಲೆ ಕಟ್ ಆಫ್ ಸಾಧನ, ಆಮೇಲೆ ಎಸ್.ಪಿ.ಡಿ., ಉಳಿದರೆ ಪಟ್ಟಿ.

ಹುಡುಗನ ಮನೆಯಲ್ಲಿ ಆ ಕ್ರಮದಲ್ಲೇ ಕೆಲಸ ಹಿಡಿದರು. ಹಿತ್ತಲಲ್ಲಿ ಗೋಡೆಯಿಂದ ಒಂದೂವರೆ ಮೀಟರ್ ಆಚೆಗೆ, ಬಚ್ಚಲ ನೀರಿನ ತೇವ ಆರದ ಕಡೆ ಗುಂಡಿ ತೋಡಿ, ಎರಡೂವರೆ ಮೀಟರ್ ಉದ್ದದ ಸತು ಲೇಪಿಸಿದ ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿದರು. ಅಲ್ಲಿಂದ ಬೋರ್ಡಿಗೆ, ಬೋರ್ಡಿನಿಂದ ಕಂಪ್ಯೂಟರ್, ಫ್ರಿಜ್ಜು, ಗೀಸರುಗಳ ಗೂಡಿಗೆ ಹಸಿರು ತಂತಿ ಎಳೆದರು. ಇಡೀ ಮನೆಯ ವೈರಿಂಗು ಬದಲಾಯಿಸಲು ಈ ವರ್ಷ ಆಗದು, ಎರಡು ತೂತಿನ ಗೂಡುಗಳಿಗೆ ಮೊಬೈಲ್ ಚಾರ್ಜರ್ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂದು ತಾತ ಕಟ್ಟಪ್ಪಣೆ ಮಾಡಿದ್ದಾರೆ. ರಿಪೇರಿಯಾಗಿ ಬಂದ ಕಂಪ್ಯೂಟರ್ ಪೆಟ್ಟಿಗೆಗೆ ಟೆಸ್ಟರ್ ಇಟ್ಟಾಗ ಹೊತ್ತಲಿಲ್ಲ. ತಾಯಿ ನಂಬದೆ ಬೆರಳ ಬೆನ್ನಿನಿಂದ ತಾವೇ ಒಮ್ಮೆ ಮುಟ್ಟಿ ನೋಡಿದರು.

ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವ ಕೆಲಸ ಹುಡುಗನದು. ಮೊನ್ನೆ ಬಂದು ಇನ್ನೊಂದು ಪ್ರಶ್ನೆ ಕೇಳಿದ: “ಸಾರ್, ಉಪ್ಪು ಹಾಕಿದ್ದೇವಲ್ಲ, ಪಕ್ಕದ ಕರಿಬೇವಿನ ಗಿಡಕ್ಕೆ ಏನಾದರೂ ಆಗುತ್ತದೆಯೇ?” ಆಗಬಹುದು. ಗಿಡ ಇನ್ನೂ ಚಿಕ್ಕದಿದೆ, ಮಳೆ ಹಿಡಿದ ಮೇಲೆ ಬುಡದ ಮಣ್ಣಿನ ಸಮೇತ ಎಬ್ಬಿಸಿ ಹಿತ್ತಲ ಇನ್ನೊಂದು ಮೂಲೆಗೆ ನೆಡು ಎಂದು ಹೇಳಿ ಕಳಿಸಿದ್ದೇನೆ.